ಕೂಲರಿನೊಳಗಿನ ಉಪ್ಪು

ಹೋದ ಶ್ರಾವಣದಲ್ಲಿ ಹೆಂಡತಿಯ ಹರಕೆ ತೀರಿಸಲೆಂದು ಯಡೂರಿನ ವೀರಭದ್ರನ ಗುಡಿಗೆ ಹೋಗಿದ್ದೆ. ದರ್ಶನ ಮುಗಿಸಿ ಹೊಳೆಯ ಕಡೆಗಿನ ಚಹಾದಂಗಡಿಯಲ್ಲಿ ಕೂತೆವು. ಹೊಳೆಗೆ ಕೆಂಪು ನೀರು ಬಂದಿತ್ತು. ದಂಡೆಯ ಮೇಲೆ ಯಾರೋ ಪಂಪಿನ ಎಂಜಿನ್ನನ್ನು ನೀರಿಗೆ ಸಿಗದ ಹಾಗೆ ಮೇಲಕ್ಕೆ ಎಳೆದು ತಂದು ಒಮ್ಮೆ ಚಾಲೂ ಮಾಡಿ ನೋಡುತ್ತಿದ್ದರು. ಡೀಸೆಲ್ ಹೊಗೆಯೂ ಹೊಸ ರಾಡಿಯ ವಾಸನೆಯೂ ಕೂಡಿ ಮೂಗಿಗೆ ಬಡಿದದ್ದೇ ತಡ, ಮೂವತ್ತಕ್ಕೂ ಮಿಕ್ಕಿದ ವರ್ಷಗಳ ಹಿಂದಿನ ಒಂದು ಮಳೆಗಾಲ ಕಣ್ಣಮುಂದೆ ಬಂದು ನಿಂತಿತು. ಬರೀ ನೆನಪಾಗಿದ್ದರೆ ಚಹಾ ಕುಡಿದು ಎದ್ದು ಬರುತ್ತಿದ್ದೆ. ಇದನ್ನು ಬರೆಯುವ ಗೋಜಿಗೆ ಹೋಗುತ್ತಿರಲಿಲ್ಲ.

ಆದರೆ ಅಂಗಡಿಯವನು ಪಕ್ಕದ ಬಾಕಿನಲ್ಲಿ ಕೂತ ಭಕ್ತರೊಬ್ಬರಿಗೆ ಊರಿನ ಕಥೆ ಹೇಳುತ್ತಿದ್ದ. ಅವನಿಗೆ ಮೂವತ್ತೈದು ಇದ್ದೀತು, ಆಗಿನ ಕಾಲಕ್ಕೆ ತೊಟ್ಟಿಲಲ್ಲಿದ್ದವನು. "ಮೊದಲ ಇಲ್ಲೆ ಮ್ಯಾಲಿನ ಘಾಟಿಗೆ ಒಂದು ಲಾಂಚ್ ಇತ್ತರಿ. ಅದಕ್ಕೊಬ್ಬ ಜೈನರ ಮಿಸ್ತ್ರಿ ಇದ್ದನಂತ. ಹೊತ್ತ ಮುಣಗಾಕತ್ತೈತಿ, ಊಟಾ ಮಾಡಬೇಕಂತ ಕೆಲಸಾ ಅರ್ಧಕ್ಕ ಬಿಟ್ಟ ಮನಿಗೆ ಹ್ವಾದನಂತ. ಮುಂದ ಲಾಂಚ್ ನಡುಹೊಳ್ಯಾಗ ನಿಂತು ಮಂದಿ ಸಾಯೂದೊಂದ ಬಾಕಿ ಇತ್ತರಿ," ಎಂದ. ಭಕ್ತರು ನಕ್ಕರು. ಅವನೂ ನಕ್ಕ.

ನನಗೆ ಮೈಯೆಲ್ಲ ಉರಿಯಿತು. ಹೆಂಡತಿಗೆ ನನ್ನ ಸಿಟ್ಟು ಗೊತ್ತು, ರಟ್ಟೆ ಹಿಡಿದು ಕೂಡಿಸಲು ನೋಡಿದಳು. ನಾನು ಎದ್ದು ನಿಂತು, ಅದು ಶುದ್ಧ ಸುಳ್ಳು, ಆ ಮನುಷ್ಯ ಊಟಕ್ಕೆ ಹೋಗಿರಲಿಲ್ಲ ಎಂದೆ. ಅಂಗಡಿಯವನು ಜಗಳ ತೆಗೆಯುವವನಲ್ಲ. ಮರ್ಯಾದೆಯಿಂದಲೇ, ನಿಮಗೆ ಹೇಗೆ ಗೊತ್ತು ಎಂದು ಕೇಳಿದ. ನಾನು ಚಹಾದ ರೊಕ್ಕ ಇಟ್ಟು ಹೊರಗೆ ಬಂದೆ. ಅವನ ಮೇಲೆ ಬಂದ ಸಿಟ್ಟು ಬಸ್ ನಿಲ್ದಾಣ ಮುಟ್ಟುವುದರೊಳಗೆ ನನ್ನ ಮೇಲೇ ತಿರುಗಿತ್ತು. ಹೇಗೆ ಗೊತ್ತು ಎಂದರೆ, ಆ ಸಂಜೆ ನಾನು ಅಲ್ಲೇ ಇದ್ದೆ. ಆ ಮಿಸ್ತ್ರಿಯ ಪಕ್ಕದಲ್ಲಿ, ಕೈಯಲ್ಲಿ ಕಂದೀಲು ಹಿಡಿದು ನಿಂತಿದ್ದೆ.

ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಅಥಣಿ ಕಡೆಯವನು, ಇಪ್ಪತ್ತೊಂಬತ್ತು ವಯಸ್ಸು, ಚಿಕ್ಕೋಡಿಯ ಒಂದು ಕಚೇರಿಯಲ್ಲಿ ವರ್ಕ್ ಇನ್‌ಸ್ಪೆಕ್ಟರ್ ಆಗಿದ್ದೆ. ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಹೆಸರು ಬಸಗೌಡ ಎಂದಿದ್ದರಿಂದ ಎಲ್ಲರೂ ಗೌಡ್ರ ಎನ್ನುತ್ತಿದ್ದರು. ಮನೆತನದ ಗೌಡಕಿ ಅಜ್ಜನ ಕಾಲಕ್ಕೇ ಹೋಗಿತ್ತು, ಹೆಸರಷ್ಟೇ ಉಳಿದಿತ್ತು.

ಆಗ ಹೊಳೆ ದಾಟುವ ಆ ಘಾಟಿಗೆ ಸೇತುವೆ ಇರಲಿಲ್ಲ. ಬೇಸಿಗೆಯಲ್ಲಿ ಅಂಬಿಗರ ದೋಣಿ ನಡೆಯುತ್ತಿತ್ತು. ಕೃಷ್ಣೆ ತುಂಬಿದರೆ ದೋಣಿಯೂ ಬಂದ್, ಆಚೆ ದಂಡೆಯವರು ದವಾಖಾನೆಗೂ ಸಂತೆಗೂ ಅರ್ಧ ದಿನ ಸುತ್ತು ಹೊಡೆದು ಬರಬೇಕು. ಅವರು ವರ್ಷಗಟ್ಟಲೆ ಅರ್ಜಿ ಕೊಟ್ಟು, ಕಚೇರಿಯ ಮುಂದೆ ಕೂತು, ಕೊನೆಗೆ ಒಂದು ಲಾಂಚ್ ಮಂಜೂರು ಮಾಡಿಸಿಕೊಂಡರು. ಹೊಸದಲ್ಲ. ಕೊಂಕಣದ ಬಂದರಿನಲ್ಲಿ ಯಾರೋ ಮೀನು ಹಿಡಿಯಲು ಓಡಿಸಿ ಸಾಕಾಗಿ ಮಾರಾಟಕ್ಕಿಟ್ಟದ್ದು. ಅದನ್ನು ಪರೀಕ್ಷಿಸಲು ನಮ್ಮ ಸಾಹೇಬರೂ ಇನ್ನಿಬ್ಬರೂ ಜೀಪು ಮಾಡಿಕೊಂಡು ಹೋಗಿ ಎರಡು ದಿನ ಅಲ್ಲಿದ್ದು ಬಂದರು. ಸಮುದ್ರ ನೋಡಿದ್ದು ಖರೆ, ಫೋಟೋ ತೋರಿಸಿದರು. ಎಂಜಿನ್ ನೋಡಿದರೋ ಇಲ್ಲವೋ ಆ ವೀರಭದ್ರನೇ ಬಲ್ಲ.

ಲಾಂಚನ್ನು ಲಾರಿಯ ಮೇಲೆ ಹೇರಿ ಘಟ್ಟ ಹತ್ತಿಸಿ ತಂದರು. ನಿಪ್ಪಾಣಿಯ ಪೇಟೆಯಲ್ಲಿ ತಂಬಾಕಿನ ಬೋದದ ಮೂಟೆ ಹೇರಿದ ಗಾಡಿಗಳ ನಡುವೆ ಅದು ಸಿಕ್ಕಿಕೊಂಡು ಒಂದು ತಾಸು ಹಿಂದೂ ಹೋಗಲಿಲ್ಲ, ಮುಂದೂ ಹೋಗಲಿಲ್ಲ. ಸಮುದ್ರ ಕಾಣದ ನಮ್ಮ ಮಂದಿ ತಂಬಾಕಿನ ಘಾಟಿಗೆ ಸೀನುತ್ತಾ ಅದರ ಸುತ್ತ ತಿರುಗಿ, ತಳ ಮುಟ್ಟಿ, ಅದಕ್ಕೆ ಅಂಟಿದ ಸಮುದ್ರದ ಚಿಪ್ಪು ಕಿತ್ತು ಕಿಸೆಗೆ ಹಾಕಿಕೊಂಡರು. ಮೃಗಶಿರ ಮಳೆ ಶುರುವಾಗುವ ಹೊತ್ತಿಗೆ ಲಾಂಚ್ ಘಾಟಿಗೆ ಬಂದು ಮುಟ್ಟಿತು.

ಅದನ್ನು ಕೂಡಿಸಿ ಓಡುವಂತೆ ಮಾಡುವ ಕೆಲಸ ಪಾಯಪ್ಪ ಮಿಸ್ತ್ರಿಗೆ ಬಂತು. ಅವರು ಕಾಗವಾಡದ ಹತ್ತಿರದ ಹಳ್ಳಿಯ ಜೈನ ಒಕ್ಕಲಿಗರು, ಆಗ ನಲವತ್ತೈದರ ಆಸುಪಾಸು. ಹೊಳೆದಂಡೆಯುದ್ದಕ್ಕೂ ಯಾರ ಪಂಪಿನ ಎಂಜಿನ್ ಕೆಟ್ಟರೂ ಅವರನ್ನೇ ಕರೆಯುತ್ತಿದ್ದರು. ನಮ್ಮ ಕಚೇರಿಯಲ್ಲಿ ದಿನಗೂಲಿ. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ. ಮಾತು ಕಡಿಮೆ, ಕೆಲಸ ಅಚ್ಚುಕಟ್ಟು, ಕಳಚಿದ ಬೋಲ್ಟುಗಳನ್ನು ಬಿಳಿ ಪಂಚೆಯ ಮೇಲೆ ಸಾಲಾಗಿ ಜೋಡಿಸಿಟ್ಟರೆ ಒಂದೂ ಕಳೆಯುತ್ತಿರಲಿಲ್ಲ.

ಅವರು ಮಿಸ್ತ್ರಿಯಾಗಿದ್ದು ಬೇರೆ ದಾರಿಯಿಲ್ಲದೆ. ಅವರ ನಾಲ್ಕು ಎಕರೆ ಕಬ್ಬಿನ ಹೊಲ ನೀರು ಉಂಡು ಉಂಡು ಸವಳಾಗಿತ್ತು. ನಮ್ಮ ಕಡೆ ಈ ಮಾತು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ವಿಪರೀತ ನೀರು ಬಿಟ್ಟರೆ ನೆಲದೊಳಗಿನ ಉಪ್ಪು ಮೇಲೆ ಬಂದು ಹೊಲ ಸುಣ್ಣ ಬಳಿದ ಹಾಗೆ ಬೆಳ್ಳಗಾಗುತ್ತದೆ, ಆಮೇಲೆ ಹುಲ್ಲೂ ಬೆಳೆಯುವುದಿಲ್ಲ. ಆ ಭಾಗದ ರೈತರು ಹೊಲಕ್ಕೆ ಹೋದೊಡನೆ ಚಿಟಿಕೆ ಮಣ್ಣು ನಾಲಿಗೆಗೆ ಹಚ್ಚಿ ನೋಡುತ್ತಾರೆ. ಇವತ್ತು ಉಪ್ಪು ಎಲ್ಲಿಯವರೆಗೆ ಬಂದಿದೆ ಎಂದು ಹಾಗೆ ಗುರುತು ಹಿಡಿಯುತ್ತಾರೆ. ಪಾಯಪ್ಪ ಕಾಕಾ ಅದೇ ಚಾಳಿಯನ್ನು ಎಂಜಿನ್ನಿಗೂ ತಂದಿದ್ದರು. ರೇಡಿಯೇಟರಿನ ನೀರು, ಪಂಪಿನೊಳಗಿನ ಕಿಲುಬು, ಎಲ್ಲವನ್ನೂ ನಾಲಿಗೆಯ ತುದಿಗೆ ಮುಟ್ಟಿಸಿ ಉಗುಳಿ, ಇಂಥ ಬಾವಿಯ ನೀರು ಬಳಸಬೇಡಿ ಎಂದು ಹೇಳುತ್ತಿದ್ದರು. ಒಮ್ಮೆಯೂ ತಪ್ಪಿದ್ದನ್ನು ನಾನು ನೋಡಲಿಲ್ಲ.

ಆ ಲಾಂಚಿನ ಎಂಜಿನ್ ನಮ್ಮ ಪಂಪಿನ ಎಂಜಿನ್ನುಗಳ ಹಾಗಿರಲಿಲ್ಲ. ಅದಕ್ಕೆ ಸೂಪರ್‌ಚಾರ್ಜರ್ ಎಂಬ ಊದುವ ಯಂತ್ರವಿತ್ತು. ಅದು ಗಾಳಿಯನ್ನು ಒತ್ತಿ ಒತ್ತಿ ಎಂಜಿನ್ನಿಗೆ ತುರುಕುತ್ತದೆ, ಅದರಿಂದ ಸಣ್ಣ ಎಂಜಿನ್ನಿಗೂ ದೊಡ್ಡ ಜೋರು ಬರುತ್ತದೆ. ಆದರೆ ಸೈಕಲ್ಲಿಗೆ ಹವಾ ಹೊಡೆದವರಿಗೆಲ್ಲ ಗೊತ್ತು, ಒತ್ತಿದ ಗಾಳಿ ಕಾಯುತ್ತದೆ. ಕಾದ ಗಾಳಿಯನ್ನು ತಣಿಸಲು ನಡುವೆ ಇಂಟರ್‌ಕೂಲರ್ ಎಂಬ ಪೆಟ್ಟಿಗೆ ಕೂಡಿಸಿರುತ್ತಾರೆ. ಪೆಟ್ಟಿಗೆ ಅಲ್ಯುಮಿನಿಯಮ್ಮಿನದು, ಅದರೊಳಗೆ ತಾಮ್ರದ ಬಣ್ಣದ ನೂರಾರು ಸಣ್ಣ ಕೊಳವೆಗಳು. ಕೊಳವೆಯ ಒಳಗೆ ನೀರು, ಹೊರಗೆ ಗಾಳಿ. ಎರಡೂ ಒಂದನ್ನೊಂದು ಮುಟ್ಟಬಾರದು, ಮುಟ್ಟಿದರೆ ಗಾಳಿಯ ಜೊತೆ ನೀರೂ ಎಂಜಿನ್ನಿನ ಹೊಟ್ಟೆಗೆ ಹೋಗುತ್ತದೆ. ಸಮುದ್ರದ ದೋಣಿಗೆ ತಣಿಸಲು ಸಿಗುವುದು ಸಮುದ್ರದ ನೀರೇ. ಆ ಉಪ್ಪು ಲೋಹವನ್ನು ತಿನ್ನದೆ ಬಿಡುವುದಿಲ್ಲ. ಅದಕ್ಕೇ ಆ ಪೆಟ್ಟಿಗೆಯಲ್ಲಿ ಬೆರಳುದ್ದದ ಒಂದು ಸತುವಿನ ಸಳಿ ಇಡುತ್ತಾರೆ. ಉಪ್ಪು ಮೊದಲು ಸತುವನ್ನು ತಿನ್ನಲಿ, ಉಳಿದದ್ದು ಬದುಕಲಿ ಎಂದು. ಅದು ಸವೆದ ಹಾಗೆ ಬದಲಿಸುತ್ತಿರಬೇಕು. ಇದನ್ನೆಲ್ಲ ನನಗೆ ಹೇಳಿಕೊಟ್ಟವರು ಪಾಯಪ್ಪ ಕಾಕಾ, ಎಂಜಿನ್ನಿನ ಜೊತೆ ಬಂದ ಪುಸ್ತಕದ ಚಿತ್ರಗಳನ್ನು ನೋಡಿಯೇ ತಿಳಿದುಕೊಂಡು.

ಉದ್ಘಾಟನೆಯ ದಿನ ಮೊದಲೇ ಗೊತ್ತಾಗಿಬಿಟ್ಟಿತ್ತು, ದೊಡ್ಡವರೊಬ್ಬರು ಬರುವವರಿದ್ದರು. ಬಡಿಗರ ಕೆಲಸ ತಡವಾಗಿ, ಕಾಕಾನ ಕೈಗೆ ಎಂಜಿನ್ ಸಿಕ್ಕಿದ್ದು ಹಿಂದಿನ ದಿನ ಮಧ್ಯಾಹ್ನ. ಇಳಿಹೊತ್ತಿಗೆ ಅವರು ಕೂಲರಿನ ಸತುವಿನ ಬೋಲ್ಟು ಬಿಚ್ಚಿದರು. ಬೋಲ್ಟಿಗೆ ಸತುವೇ ಇರಲಿಲ್ಲ, ಹಿತ್ತಾಳೆಯ ಮೊಟಕು ಮಾತ್ರ ಉಳಿದಿತ್ತು. ಕಾಕಾನ ಮುಖ ಗಂಭೀರವಾಯಿತು. ಗಾಳಿಯ ಕಡೆಯ ಮುಚ್ಚಳ ತೆಗೆಯುವುದರಲ್ಲಿ ಹೊತ್ತು ಮುಳುಗಿತು. ಒಳಗೆಲ್ಲ ಬೆಳ್ಳನೆಯ ಪುಡಿ ಕೂತಿತ್ತು, ಅಲ್ಲಲ್ಲಿ ಹಸಿರು ಹೆಪ್ಪು.

ಆ ಪುಡಿ ಎರಡು ಥರದ್ದಿರಬಹುದು ಎಂದರು. ಅಲ್ಯುಮಿನಿಯಂ ತಾನೇ ತುಕ್ಕು ಹಿಡಿದದ್ದಾದರೆ ರುಚಿ ಇರುವುದಿಲ್ಲ, ಹೆದರಬೇಕಾಗಿಲ್ಲ. ಉಪ್ಪಾದರೆ ಮಾತ್ರ ಸಮುದ್ರದ ನೀರು ಕೊಳವೆ ತೂತು ಮಾಡಿಕೊಂಡು ಗಾಳಿಯ ಕಡೆಗೆ ಬಂದಿದೆ ಎಂದೇ ಅರ್ಥ. ಅಷ್ಟು ಹೇಳಿ ಪುಡಿಯನ್ನು ಬೆರಳಿಗೆ ಹಚ್ಚಿಕೊಂಡರು, ಆಮೇಲೆ ಪಡುವಣ ದಿಕ್ಕು ನೋಡಿ ಕೈ ಕೆಳಗಿಳಿಸಿದರು. ಹೊತ್ತು ಮುಳುಗಿದ ಮೇಲೆ ಅವರು ಬಾಯಿಗೆ ಏನನ್ನೂ ಹಾಕುವವರಲ್ಲ, ಗುಟುಕು ನೀರನ್ನೂ. ಹುಡುಗನಾಗಿದ್ದಾಗ ತಾಯಿಯ ಜೊತೆ ಮುನಿಗಳ ಮುಂದೆ ಹಿಡಿದ ನೇಮ.

"ಗೌಡ್ರ, ನೀವ ಹಚ್ಚಿ ನೋಡ್ರಿ," ಎಂದು ನನ್ನ ಅಂಗೈಗೆ ಒರೆಸಿದರು.

ನಾನು ನಾಲಿಗೆಗೆ ಹಚ್ಚಿದೆ. ಉಪ್ಪು. ಅಡಿಗೆಯ ಉಪ್ಪಿನ ಹಾಗಲ್ಲ, ಕಹಿ ಬೆರೆತ, ಗಂಟಲಿಗೆ ಹತ್ತುವ ಉಪ್ಪು. ಹಾಗೇ ಹೇಳಿದೆ. ಕಾಕಾ ತಲೆಯಾಡಿಸಿ, ಕೂಲರ್ ತೆಗೆದು ಬಿಡೋಣ, ಅದರ ಜಾಗಕ್ಕೆ ನೆಟ್ಟಗೆ ಒಂದು ಕೊಳವೆ ಹಾಕಿ ಎಂಜಿನ್ನಿನ ಜೋರು ಇಳಿಸೋಣ, ಈ ಹೊಳೆ ದಾಟಲು ಅಷ್ಟು ಜೋರು ಬೇಕಾಗಿಲ್ಲ ಎಂದರು. ಒಂದೇ ದಿನದ ಕೆಲಸ. ಒಂದು ದಿನ!

ನಾನು ಮೋಟಾರ್ ಸೈಕಲ್ ಹತ್ತಿ ಚಿಕ್ಕೋಡಿಗೆ ಹೋಗಿ ಸಾಹೇಬರಿಗೆ ಹೇಳಿದೆ. ಅವರು ನಾಳಿನ ಹಾರ-ತುರಾಯಿಗಳ ಲೆಕ್ಕದಲ್ಲಿದ್ದರು. ನನ್ನನ್ನು ಮೇಲಿಂದ ಕೆಳಗೆ ನೋಡಿ, "ನಿಮ್ಮ ನಾಲಿಗಿ ಏನು ಲ್ಯಾಬೊರೇಟರಿ ಏನ್ರಿ ಗೌಡ್ರ? ಸಮುದ್ರದಾಗ ಓಡಿದ್ದು ಹೊಳ್ಯಾಗ ಓಡೂದಿಲ್ಲೇನು? ಸಿಹಿನೀರಾಗ ಉಪ್ಪಿಂದೇನ ಕಾಟ?" ಎಂದರು. ಅಲ್ಲಿದ್ದವರೆಲ್ಲ ನಕ್ಕರು. ನಾನೂ ಅವರ ಜೊತೆ ಸ್ವಲ್ಪ ನಕ್ಕೆ. ಅದನ್ನು ಈಗ ನೆನೆದರೂ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕೆನಿಸುತ್ತದೆ.

ಮರುದಿನ ಸೂರ್ಯ ಹುಟ್ಟುವಾಗಲೇ ಕಾಕಾ ಘಾಟಿಗೆ ಬಂದಿದ್ದರು, ತಾವೇ ರುಚಿ ನೋಡಿ ಸಾಹೇಬರ ಮುಂದೆ ನಿಂತು ಹೇಳಬೇಕೆಂದು. ಬಂದು ನೋಡಿದರೆ ಎಂಜಿನ್ನು ಪೂರ್ತಿ ಹಸಿರು ಬಣ್ಣ! ಸಾಹೇಬರು ನಾನು ಹೊರಟ ಮೇಲೆ ಪೇಂಟರನ್ನು ಕಳಿಸಿ, ಒಳಗಿನ ಬಿಳಿ ಪುಡಿಯನ್ನೆಲ್ಲ ಬಟ್ಟೆಯಿಂದ ಒರೆಸಿ, ಮುಚ್ಚಳ ಬಿಗಿದು, ಬೋಲ್ಟಿನ ತಲೆಯವರೆಗೂ ಬಣ್ಣ ಬಳಿಸಿದ್ದರು. ದೊಡ್ಡವರಿಗೆ ಚೆನ್ನಾಗಿ ಕಾಣಬೇಕಲ್ಲ. ಈಗ ಆ ಸಂಜೆಯ ಉಪ್ಪಿಗೆ ಉಳಿದ ಸಾಕ್ಷಿ ಜಗತ್ತಿನಲ್ಲಿ ಒಂದೇ, ನನ್ನ ನಾಲಿಗೆ.

ಬ್ಯಾಂಡು ಬಾರಿಸಿತು, ಕಾಯಿ ಒಡೆಯಿತು, ಲಾಂಚ್ ಎರಡು ಸಲ ಹೊಳೆ ದಾಟಿ ಬಂತು. ಸಾಹೇಬರು ಕಾಕಾನ ಬೆನ್ನು ತಟ್ಟಿ, ಏನು ಮಿಸ್ತ್ರಿ, ಉಪ್ಪು ಎಲ್ಲಿ ಹೋಯಿತು ಎಂದು ಎಲ್ಲರಿಗೂ ಕೇಳುವ ಹಾಗೆ ಕೇಳಿದರು. ಮಂದಿ ಚದುರಿದ ಮೇಲೆ ಕಾಕಾ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದರು: "ಇಷ್ಟ ದಿನಾ ಆ ತೂತ ಮುಚ್ಚಿದ್ದ ಆ ಉಪ್ಪಿನ ಹೆಪ್ಪರಿ. ಸಿಹಿನೀರ ಅದನ್ನ ಕರಗಸತೈತಿ. ಜೋರ ಓಡೂವಾಗ ಗಾಳಿ ನೀರನ್ನ ತಡೀತೈತಿ, ಗೊತ್ತಾಗೂದಿಲ್ಲ. ಸಾವಕಾಶ ಮಾಡಿದಾಗ ಒಳಗ ಬರತೈತಿ. ನೀವೊಂದ ಕಾಗದಾ ಬರೀರಿ ಗೌಡ್ರ, ನನಗ ಕಚೇರಿ ಭಾಷಾ ಬರೂದಿಲ್ಲ."

ಬರೆಯುತ್ತೇನೆ ಎಂದೆ. ನಾಳೆ ಎಂದೆ. ನನ್ನನ್ನು ಕಾಯಂ ಮಾಡುವ ಕಾಗದ ಸಾಹೇಬರ ಮೇಜಿನ ಖಾನೆಯಲ್ಲಿ ಸಹಿಗೆ ಕಾದು ಕೂತಿತ್ತು. ಆ ಖಾನೆಯ ನೆನಪಾದಾಗಲೆಲ್ಲ ನನ್ನ ನಾಳೆ ಒಂದು ದಿನ ಮುಂದಕ್ಕೆ ಹೋಗುತ್ತಿತ್ತು.

ಹದಿಮೂರು ದಿನ ಲಾಂಚ್ ನಡೆಯಿತು. ಮಳೆ ಹಿಡಿದು ಬಿಟ್ಟಿರಲಿಲ್ಲ, ಹೊಳೆ ದಿನಕ್ಕೊಂದು ಮೆಟ್ಟಿಲು ಏರುತ್ತಿತ್ತು. ಆಚೆ ದಂಡೆಯವರಿಗೆ ಸ್ವರ್ಗವೇ ಇಳಿದು ಬಂದಿತ್ತು. ಹಾಲಿನ ಕ್ಯಾನು, ಮೆಣಸಿನಕಾಯಿ ಚೀಲ, ಬಾಣಂತಿ, ಶಾಲೆಯ ಮಾಸ್ತರು, ಎಲ್ಲರೂ ಕಾಲು ಒದ್ದೆಯಾಗದೆ ದಾಟಿದರು. ಯಾರಿಗೂ ಗೊತ್ತಿಲ್ಲದ ಸಂಗತಿ ಎಂದರೆ ಅಷ್ಟು ದಿನ ಅದು ನಡೆದದ್ದು ಕಾಕಾನಿಂದ. ದಿನಾ ಸಂಜೆ ಕೂಲರಿಗೆ ನೀರು ಬರುವ ವಾಲ್ವ್ ತಾವೇ ಬಂದ್ ಮಾಡಿ ಹೋಗುತ್ತಿದ್ದರು, ಇಲ್ಲದಿದ್ದರೆ ಬೆಳಗಾಗುವುದರೊಳಗೆ ಎಂಜಿನ್ ತುಂಬ ನೀರು. ಬೆಳಿಗ್ಗೆ ಬಂದು ಪೆಟ್ಟಿಗೆಯ ತಳದ ತಿರುಪು ಬಿಚ್ಚಿ, ಒಳಗೆ ಸೋರಿದ್ದನ್ನು ಬಟ್ಟಲಲ್ಲಿ ಹಿಡಿದು ರುಚಿ ನೋಡುತ್ತಿದ್ದರು. ಮೊದಲ ದಿನಗಳಲ್ಲಿ ಅರ್ಧ ಬಟ್ಟಲು, ಉಪ್ಪು. ಆಮೇಲೆ ಒಂದು ಬಟ್ಟಲು, ಸಪ್ಪಗೆ. ಹನ್ನೊಂದನೆಯ ದಿನ ಎರಡು ಬಟ್ಟಲು, ಸಿಹಿ, ತಳದಲ್ಲಿ ಕೆಂಪು ರಾಡಿ. ನನ್ನನ್ನು ಕರೆದು ತೋರಿಸಿ, ಉಪ್ಪೆಲ್ಲ ಕರಗಿತು, ತೂತು ಬಾಯಿ ತೆರೆದಿವೆ, ಕಾಗದ ಬರೆದಿರಾ ಎಂದರು. ನಾಳೆ ಎಂದೆ.

ಹದಿಮೂರನೆಯ ದಿನ ಮುಂಜಾನೆಯ ಎರಡನೇ ಸರತಿಯಲ್ಲಿ ನಾನೂ ಲಾಂಚಿನಲ್ಲಿದ್ದೆ, ಕಾಕಾನೂ ಇದ್ದರು. ನಲವತ್ತು ಮಂದಿ ಇದ್ದೀತು. ನಡುಹೊಳೆಯಲ್ಲಿ ಒಂದು ಜಾಲಿಮರ ಬೇರುಸಮೇತ ತೇಲಿ ಬಂತು. ಲಾಂಚ್ ನಡೆಸುವ ಹುಸೇನಸಾಬ ಮರ ದಾಟಿ ಹೋಗಲೆಂದು ವೇಗ ಇಳಿಸಿದ. ಅದು ಯಾರಾದರೂ ಮಾಡುವ ಕೆಲಸ, ಅವನದೇನೂ ತಪ್ಪಿಲ್ಲ. ವೇಗ ಇಳಿದ ಕೂಡಲೇ ಹೊಗೆ ಬೆಳ್ಳಗಾಯಿತು. ಕಾಕಾ "ಇಳಸಬ್ಯಾಡಪಾ" ಎಂದು ಕೂಗುತ್ತ ಎಂಜಿನ್ನಿನ ಕಡೆ ಓಡಿದರು. ಅಷ್ಟರಲ್ಲಿ ಕಬ್ಬಿಣದ ಮೇಲೆ ಸುತ್ತಿಗೆ ಬಿದ್ದಂಥ ಒಂದು ಸಪ್ಪಳ ಬಂದು ಎಂಜಿನ್ ನಿಂತಿತು. ಆಮೇಲೆ ಮಳೆಯ ಸಪ್ಪಳವೊಂದೇ.

ಲಾಂಚ್ ಅಡ್ಡ ತಿರುಗಿ ಹೊಳೆಯ ಜೊತೆ ಹೊರಟಿತು. ಹೆಂಗಸರು ದೇವರ ಹೆಸರು ಹಿಡಿದರು. ನಮ್ಮನ್ನು ಕಾಯ್ದವನು ಅಂಬಿಗರ ಬಾಳಪ್ಪ, ಲಾಂಚ್ ಬಂದ ಮೇಲೆ ಹೊಟ್ಟೆಪಾಡು ಕಳೆದುಕೊಂಡು ದಂಡೆಯಲ್ಲಿ ಕೂತವನು. ತನ್ನ ಹಳೇ ದೋಣಿಯನ್ನು ನೀರಿಗೆ ನೂಕಿ, ತಮ್ಮಂದಿರನ್ನು ಹುಟ್ಟು ಹಾಕಲು ಕೂಡಿಸಿಕೊಂಡು ಬಂದು ಹಗ್ಗ ಎಸೆದ. ಹಗ್ಗ ಹಿಡಿದು ಲಾಂಚಿನ ಗೂಟಕ್ಕೆ ಸುತ್ತಿದವರು ಪಾಯಪ್ಪ ಕಾಕಾ. ಇನ್ನೊಂದು ತುದಿಯನ್ನು ಬಾಳಪ್ಪನೂ ತಮ್ಮಂದಿರೂ ದಂಡೆಗೆ ಒಯ್ದು ಹುಣಸೆಮರಕ್ಕೆ ಬಿಗಿದಾಗ ಜಗ್ಗಿದ ರಭಸಕ್ಕೆ ಕಾಕಾನ ಎಡಗೈ ಹಗ್ಗಕ್ಕೂ ಗೂಟಕ್ಕೂ ನಡುವೆ ಸಿಕ್ಕಿತು. ಎಲ್ಲರೂ ಬದುಕಿದರು. ಕಾಕಾನ ಎರಡು ಬೆರಳು ಹೋದವು.

ಎಂಟು ದಿನಕ್ಕೆ ಚಿಕ್ಕೋಡಿಯಲ್ಲಿ ಚೌಕಶಿ, ಅಂದರೆ ವಿಚಾರಣೆ, ನಡೆಯಿತು. ಬೆಳಗಾವಿಯಿಂದ ದೊಡ್ಡ ಅಧಿಕಾರಿ ಬಂದಿದ್ದರು, ಅವರ ಪಕ್ಕದ ಕುರ್ಚಿಯಲ್ಲಿ ನಮ್ಮ ಸಾಹೇಬರು. ಯಾರ ಮೇಲೆ ಚೌಕಶಿ ಆಗಬೇಕಿತ್ತೋ ಅವರೇ ಪಕ್ಕದಲ್ಲಿ ಕೂತು ಬಿಸ್ಕೀಟು ತಿನ್ನುತ್ತಿದ್ದರು! ಕಾಕಾ ಕೈಗೆ ಪಟ್ಟಿ ಕಟ್ಟಿಕೊಂಡು ನಿಂತಿದ್ದರು, ಅವರಿಗೆ ಕುರ್ಚಿ ಕೊಡಲಿಲ್ಲ. ಕೇಳಿದ್ದಕ್ಕೆ ಇದ್ದದ್ದನ್ನೇ ಹೇಳಿದರು. ಬಿಳಿ ಪುಡಿ ಇತ್ತು, ಹೊತ್ತು ಮುಳುಗಿದ್ದರಿಂದ ನಾನು ಬಾಯಿಗೆ ಹಚ್ಚಲಿಲ್ಲ ಎಂದರು. ಅಂದರೆ ನೀನು ಪರೀಕ್ಷೆ ಮಾಡಲಿಲ್ಲ ಎಂದರು ಅಧಿಕಾರಿ. ಮಾಡಿದೆವು, ಗೌಡ್ರ ಕೈಗೆ ಹಚ್ಚಿದೆ, ಅವರು ನೋಡಿ ಉಪ್ಪು ಎಂದರು, ಸಾಹೇಬರಿಗೂ ಹೇಳಿಬಂದರು ಎಂದರು ಕಾಕಾ. ಎಷ್ಟು ನಂಬಿಕೆಯಿಂದ ಹೇಳಿದರೆಂದರೆ ನನ್ನ ಕಡೆ ತಿರುಗಿ ಕೂಡ ನೋಡಲಿಲ್ಲ.

ಅಧಿಕಾರಿ ನನ್ನನ್ನು ನೋಡಿದರು. ಸಾಹೇಬರು ಮೇಜನ್ನು ನೋಡಿದರು.

"ನೆನಪಿಲ್ಲರಿ ಸರ," ಎಂದೆ.

ಇವತ್ತು ಕೂತು ನೆನಪು ಬರೆಯುತ್ತಿರುವ ಈ ಮನುಷ್ಯ ಅವತ್ತು ಅಷ್ಟೇ ಹೇಳಿದ. ನಾಲಿಗೆಯ ಮೇಲೆ ಆ ಕಹಿ ಉಪ್ಪು ಇನ್ನೂ ಇದೆ ಎನಿಸುತ್ತಿತ್ತು, ಅದೇ ನಾಲಿಗೆಯಿಂದ ಹೇಳಿದ. ಕಾಕಾ ಆಗ ಮಾತ್ರ ತಿರುಗಿ ನನ್ನ ಮುಖ ನೋಡಿದರು. ಸಿಟ್ಟು ಇರಲಿಲ್ಲ, ಗುರುತು ಸಿಗದವರನ್ನು ನೋಡುವ ಹಾಗೆ ನೋಡಿದರು.

ವರದಿ ಬಂತು. ಮಿಸ್ತ್ರಿಯು ತನ್ನ ಧಾರ್ಮಿಕ ನೇಮದ ನೆಪದಲ್ಲಿ ಪರೀಕ್ಷೆಯನ್ನು ಪೂರ್ಣಗೊಳಿಸದೆ ಹೋದದ್ದೇ ಅವಘಡಕ್ಕೆ ಕಾರಣ ಎಂದು ಅದರಲ್ಲಿತ್ತು. ನೆಪ! ಹುಡುಗನಾಗಿದ್ದಾಗಿನಿಂದ ಬಾಯಾರಿದರೂ ಸಂಜೆಯ ಮೇಲೆ ನೀರು ಕುಡಿಯದ ಮನುಷ್ಯನ ನೇಮ ಅವರಿಗೆ ನೆಪವಾಗಿ ಕಂಡಿತು. ಬಣ್ಣ ಬಳಿಸಿದ ಸಂಗತಿ ವರದಿಯಲ್ಲಿ ಒಂದಕ್ಷರ ಇಲ್ಲ. ಸವೆದುಹೋದ ಸತುವಿನ ಮಾತಿಲ್ಲ. ಕೊಂಕಣಕ್ಕೆ ಹೋಗಿ ಎಂಜಿನ್ ಆರಿಸಿ ತಂದವರ ಹೆಸರಿಲ್ಲ. ಉಪ್ಪಿನ ಬಾಯಿಗೆ ಮೊದಲು ಕೊಡಲೆಂದು ಇಡುವ ಸತುವು ಕೂಲರಿನಲ್ಲಿ ಇರಲಿಲ್ಲ, ಆದರೆ ನಮ್ಮ ಕಚೇರಿಯಲ್ಲಿ ಇತ್ತು. ಅದಕ್ಕೆ ಪಾಯಪ್ಪ ಮಿಸ್ತ್ರಿ ಎಂದು ಹೆಸರು. ಅವರನ್ನು ತೆಗೆದುಹಾಕಿದರು. ಸಾಹೇಬರು ಬಡ್ತಿಯ ಮೇಲೆ ಬೇರೆ ಕಡೆ ಹೋದರು. ದಸರೆಗೆ ಮುಂಚೆ ನಾನು ಕಾಯಂ ಆದೆ, ಪೇಢೆ ಹಂಚಿದೆ.

ಲಾಂಚ್ ಮತ್ತೆ ಓಡಲಿಲ್ಲ. ಆಚೆ ದಂಡೆಯವರು ಮುಂದೆ ಸೇತುವೆಯಾಗುವ ತನಕ ಸುತ್ತು ಹೊಡೆದರು. ವರದಿಯ ಆ ಒಂದು ಸಾಲು ಮಾತ್ರ ಊರೂರು ತಿರುಗಿ, ಬಾಯಿಂದ ಬಾಯಿಗೆ ಬೆಳೆದು, ಊಟಕ್ಕೆ ಹೋದ ಮಿಸ್ತ್ರಿಯ ಕಥೆಯಾಗಿ ಚಹಾದಂಗಡಿಯಲ್ಲಿ ಕೂತಿದೆ. ಹೊಳೆದಂಡೆಯ ರೈತರು ಪಂಪು ಕೆಟ್ಟರೂ ಅವರನ್ನು ಕರೆಯುವುದು ಬಿಟ್ಟರು ಎಂದು ಆಮೇಲೆ ಕೇಳಿದೆ. ಚಿಕ್ಕೋಡಿಯಿಂದ ಕಾಗವಾಡಕ್ಕೆ ದಿನಾ ಬಸ್ಸುಗಳಿವೆ, ಮೂವತ್ತು ವರ್ಷದಲ್ಲಿ ಒಂದನ್ನೂ ನಾನು ಹತ್ತಲಿಲ್ಲ.

ಯಡೂರಿನಿಂದ ಬಂದ ಮರುದಿನ ಹತ್ತಿದೆ.

ಕಾಕಾ ಹೊಲದಲ್ಲಿದ್ದರು. ಎಂಬತ್ತರ ಹತ್ತಿರದ ಮುದುಕ, ಬೆನ್ನು ಮಾತ್ರ ನೆಟ್ಟಗೆ. ಹೊಲದ ಸುತ್ತ ಆಳವಾದ ಬಸಿಗಾಲುವೆ ತೋಡಿಸಿ, ಸವಳಿನ ನೀರು ಹೊರಗೆ ಹರಿಯುವಂತೆ ಮಾಡಿ, ವರ್ಷಕ್ಕಿಷ್ಟು ವರ್ಷಕ್ಕಿಷ್ಟು ಎಂದು ಎರಡು ಎಕರೆಗೂ ಮಿಕ್ಕಿ ಮರಳಿ ಪಡೆದಿದ್ದರು. ಅಲ್ಲಿ ಸೋಯಾ ನಿಂತಿತ್ತು. ನನ್ನನ್ನು ನೋಡಿದ ಕೂಡಲೇ ಗುರುತು ಹಿಡಿದರು. ಬರ್ರಿ ಗೌಡ್ರ ಎಂದು ಮನೆಗೆ ಕರೆದುಕೊಂಡು ಹೋದರು, ಸೊಸೆ ನೀರು ತಂದಿಟ್ಟಳು.

ನಾನು ಬಸ್ಸಿನಲ್ಲಿ ಕಟ್ಟಿಕೊಂಡು ಬಂದ ಮಾತೆಲ್ಲ ಎಲ್ಲೋ ಹೋಯಿತು. ಚಹಾದಂಗಡಿಯಲ್ಲಿ ಕೇಳಿದ್ದನ್ನು ಹೇಳಿದೆ. ಆಮೇಲೆ, ಕಾಕಾ, ಅವತ್ತು ನಾನು ಸುಳ್ಳು ಹೇಳಿದೆ, ನನಗೆ ಎಲ್ಲ ನೆನಪಿತ್ತು, ಅದು ಉಪ್ಪೇ ಆಗಿತ್ತು ಎಂದೆ. ಅವರು ಕ್ಷಮಿಸುತ್ತಾರೆ, ಆಗಿದ್ದು ಆಗಿಹೋಯಿತು ಬಿಡಿ ಎನ್ನುತ್ತಾರೆ ಎಂದು ಒಳಗೊಳಗೇ ಆಸೆ ಇತ್ತು, ಸುಳ್ಳೇಕೆ ಹೇಳಲಿ.

ಅವರು ಹಾಗೇನೂ ಅನ್ನಲಿಲ್ಲ. "ಉಪ್ಪ ಅಂತ ನನಗ ಗೊತ್ತೈತ್ರಿ. ನಿಮ್ಮ ಕೈಗೆ ಹಚ್ಚಿದಾಂವ ನಾನ," ಎಂದರು. ಎದ್ದು ಒಳಗೆ ಹೋಗಿ ಒಂದು ಪ್ಲಾಸ್ಟಿಕ್ ಚೀಲ ತಂದರು. ಅದರಿಂದ ನಾಲ್ಕು ಮಡಿಕೆಯ ಹಳದಿಯಾದ ಕಾಗದ ತೆಗೆದು ನನ್ನ ಮುಂದೆ ಬಿಡಿಸಿದರು. ಅವರನ್ನು ಕೆಲಸದಿಂದ ತೆಗೆದ ಆದೇಶ, ವರದಿಯ ಆ ಸಾಲು ಸಮೇತ. ಮಡಿಕೆಗಳು ಹರಿಯಲು ಬಂದಿದ್ದವು. ಎಷ್ಟು ಸಲ ಬಿಚ್ಚಿ ಓದಿರಬೇಕು!

"ಬಾಯಿಲೆ ಅವತ್ತೂ ಹೇಳಿದ್ರಿ. ಇದರ ಹಿಂದ ಬರದ ಕೊಡ್ರಿ," ಎಂದರು.

ನಾನು ಪೆನ್ನು ತೆಗೆದೆ. ಕಾಗದ ಫ್ಯಾನಿನ ಗಾಳಿಗೆ ಹಾರದಂತೆ ಅವರು ಅದರ ಮೇಲೆ ಎಡಗೈ ಇಟ್ಟರು, ಮೂರು ಬೆರಳಿನ ಕೈ. ನನ್ನ ಹೆಸರು, ಆಗಿನ ಹುದ್ದೆ ಬರೆದೆ. ಮುಚ್ಚಳ ತೆಗೆದಾಗ ಒಳಗೆ ಬಿಳಿ ಪುಡಿ ಇತ್ತು, ಅದನ್ನು ನಾನೇ ನಾಲಿಗೆಗೆ ಹಚ್ಚಿ ನೋಡಿದೆ, ಅದು ಉಪ್ಪಾಗಿತ್ತು, ಅಂದೇ ಮೇಲಿನವರಿಗೆ ತಿಳಿಸಿದೆ, ಚೌಕಶಿಯಲ್ಲಿ ನೆನಪಿಲ್ಲ ಎಂದದ್ದು ಸುಳ್ಳು ಎಂದು ಬರೆದೆ. ಸಹಿ ಹಾಕಿ ಅವರ ಕಡೆ ಸರಿಸಿದೆ.

ಕನ್ನಡಕ ಹಾಕಿಕೊಂಡು ಒಂದೊಂದೇ ಅಕ್ಷರ ಓದಿದರು. ಓದಿ ಮುಗಿಸಿ ಕಾಗದವನ್ನು ಮತ್ತೆ ನನ್ನ ಕಡೆ ತಿರುಗಿಸಿದರು.

"ಹೊತ್ತ ಮುಣಗಿತ್ತು, ಅದಕ್ಕ ಮಿಸ್ತ್ರಿ ಬಾಯಿಗೆ ಹಚ್ಚಲಿಲ್ಲ, ಆದರ ಕೆಲಸಾ ಬಿಟ್ಟ ಮನಿಗೆ ಹೋಗಲಿಲ್ಲ. ಅದನ್ನೂ ಬರೀರಿ."

ಬರೆದೆ.

"ಇನ್ನೊಂದ ಹಾಳಿ ಮ್ಯಾಲ ಇದನ್ನ ಮತ್ತೊಮ್ಮೆ ಬರೀರಿ. ಆ ಚಹಾದಂಗಡಿಯಾಂವಗ ನೀವ ಒಯ್ದ ಕೊಡ್ರಿ," ಎಂದು ಹೇಳಿ, ಕಾಗದ ಮಡಚಿ ಚೀಲಕ್ಕೆ ಹಾಕಿ, ಬಾಗಿಲ ಹೊರಗೆ ಹೊತ್ತು ಎಷ್ಟಾಗಿದೆ ಎಂದು ನೋಡಿ, ಸೊಸೆಗೆ ಎರಡು ತಾಟು ಹಾಕಲು ಹೇಳಿದರು.